ದೋಣಿ ಇಳಿಸದ ದಿನ

ಗಾಳಿ ನೋಡಲು ಕಂಬದ ತುದಿಗೆ ಕಟ್ಟಿದ ಬಟ್ಟೆ ಜೋತುಬಿದ್ದಿದೆ, ಒಣಗಲು ಹಾಕಿ ಮರೆತ ಟವೆಲಿನ ಹಾಗೆ, ಎಳ್ಳಷ್ಟೂ ಅಲುಗುತ್ತಿಲ್ಲ — ಬೆಳಗ್ಗೆ ಹತ್ತಕ್ಕೆ ಪಟಪಟ ಹೊಡೆದುಕೊಳ್ಳುತ್ತಿದ್ದದ್ದು ಇದೇ ಬಟ್ಟೆಯೇ, ಮಕ್ಕಳ ಬಸ್ಸು ವಾಪಸು ಹೊರಟು ಅರ್ಧ ಗಂಟೆ ಆಗಿಲ್ಲ, ಕೆರೆ ನೋಡು, ತಟ್ಟೆಗೆ ಸುರಿದ ಎಣ್ಣೆಯಂತೆ ಬಿದ್ದುಕೊಂಡಿದೆ, ನನ್ನನ್ನು ಅಣಕಿಸುವುದಕ್ಕೆಂದೇ. ಇಪ್ಪತ್ತೆರಡು ಜನ ಹುಡುಗ ಹುಡುಗಿಯರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಸಾಲಾಗಿ ನಿಂತಿದ್ದರು, ಒಬ್ಬೊಬ್ಬರ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದು ನೋಡಿದ್ದೆ, ಕಿವಿಯವರೆಗೆ ಬಂದರೆ ಸಡಿಲ, ಮತ್ತೆ ಬಿಗಿ, ಈಜು ಬಾರದವರು ಏಳು ಜನ, ದೋಣಿಗೊಬ್ಬರು ದೊಡ್ಡವರು, ಎಲ್ಲವೂ ಇತ್ತು, ಆಮೇಲೆ ಗಾಳಿಗೆ ನೀರಿನ ನಡುವೆ ಬಿಳಿ ನೊರೆ ಏಳುವುದು ಕಂಡಿತು, ಇವತ್ತು ಬೇಡ ಅಂದೆ. ಯುವಜನ ಸಂಘದ ಕಾರ್ಯದರ್ಶಿ ಗಡಿಯಾರ ನೋಡಿದರು, ಮೂರು ತಿಂಗಳಿಂದ ಕಾಯ್ತಿದಾರೆ ಮೇಡಂ ಮಕ್ಕಳು, ಒಂದು ಸುತ್ತು ಹಾಕಿಸಿಬಿಡಿ, ಏನಾಗತ್ತೆ. ಏನೂ ಆಗಲಿಲ್ಲ, ಅದೇ ತೊಂದರೆ, ಆಗದೇ ಹೋದದ್ದನ್ನು ಯಾರಿಗೆ ತೋರಿಸಲಿ — ಉದ್ದ ಜಡೆಯ ಹುಡುಗಿ ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಡದೆ ಹಲಗೆಯ ಮೇಲೆ ಎಸೆದು ಹೋದಳು, ಆ ಮೇಡಂಗೇ ನೀರಂದ್ರೆ ಪುಕ್ಕಲು ಕಣೇ, ಎಲ್ಲರೂ ನಕ್ಕರು, ನಗಲಿ, ಒಣಬಟ್ಟೆಯಲ್ಲಿ ನಿಂತು ನಗಲಿ.

ಪುಕ್ಕಲು. ತಮ್ಮನಿಗೆ ಈಜು ಕಲಿಸಿದವಳು ನಾನು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಬಿಡಬೇಡ ಅಕ್ಕ, ಬಿಡಬೇಡ, ಬಿಟ್ಟು ಎಷ್ಟೋ ಹೊತ್ತಾಗಿರುತ್ತಿತ್ತು. ದೊಡ್ಡವನಾಗಿ ನನ್ನ ಜೊತೆಗೇ ದೋಣಿ ಕೆಲಸಕ್ಕೆ ಬಂದ, ನನಗಿಂತ ಚುರುಕು, ಮಕ್ಕಳಿಗೆ ಅವನೆಂದರೆ ಪ್ರಾಣ — ಆರು ವರ್ಷದ ಹಿಂದೆ ಇಂಥದೇ ಗಾಳಿ, ಸೆಕೆ ಅಂದರೆಂದು ತನ್ನ ದೋಣಿಯವರಿಗೆ ಜಾಕೆಟ್ ಬಿಚ್ಚಲು ಬಿಟ್ಟ, ಫೋಟೋಗೆಂದು ಎಲ್ಲರೂ ಒಂದೇ ಕಡೆ ಎದ್ದರು, ಮಗುಚಿತು. ಒಂಬತ್ತು ಜನ. ಒಂಬತ್ತೂ ಜನ ಬದುಕಿದರು, ಸಂಜೆ ಟೀ ಕುಡಿದು ಮನೆಗೆ ಹೋದರು. ವರದಿ ನಾನೇ ಬರೆಯಬೇಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಜಾಕೆಟ್ ವಿಷಯ ಬರೀಲೇಬೇಕಾ ಅಕ್ಕ, ಯಾರಿಗೂ ಏನೂ ಆಗಿಲ್ವಲ್ಲ. ಬರೆದೆ. ಮೇಲಿನವರು ಅವನನ್ನು ಮತ್ತೆ ನೀರಿಗೆ ಬಿಡಲಿಲ್ಲ, ಈಗ ಪೇಂಟ್ ಅಂಗಡಿಯಲ್ಲಿದ್ದಾನೆ, ಫೋನ್ ಮಾಡಿದರೆ ಅವನ ಹೆಂಡತಿ ಎತ್ತಿ ಸ್ನಾನಕ್ಕೆ ಹೋಗಿದಾರೆ ಅನ್ನುತ್ತಾಳೆ, ಆರು ವರ್ಷದಿಂದ ಸ್ನಾನ ಮಾಡುತ್ತಲೇ ಇದ್ದಾನೆ.

ಬೆರಳು ತಾನಾಗಿ ಅವನ ನಂಬರ್ ಒತ್ತಿದೆ, ರಿಂಗ್ ಆಗುತ್ತಿದೆ, ಇವತ್ತು ಭಾನುವಾರ, ಮನೆಯಲ್ಲೇ ಇರುತ್ತಾನೆ — ಸ್ನಾನಕ್ಕೆ ಹೋಗಿದಾರೆ ಅತ್ತಿಗೆ. ಹೌದಾ, ಗಾಳಿ ಇತ್ತು, ದೋಣಿ ಇಳಿಸಲಿಲ್ಲ, ಅಷ್ಟು ಹೇಳಮ್ಮ ಅವನಿಗೆ. ಹೇಳ್ತೀನಿ. ಇಡುತ್ತಾಳೆ ಅಂದುಕೊಂಡೆ, ಇಡಲಿಲ್ಲ, ಅವಳ ಹಿಂದೆ ಒಂದು ಕೆಮ್ಮು, ಆಮೇಲೆ ಅವನದೇ ದನಿ, ನನಗಲ್ಲ, ಅವಳಿಗೆ, ನೊರೆ ಎದ್ದಿತ್ತಾ ಕೇಳು. ಎದ್ದಿತ್ತು ಕಣೋ ಅಂದೆ. ಅವನು ಏನೋ ಅಂದ, ಏನೆಂದು ಕೇಳಿಸಲಿಲ್ಲ, ಕಟ್ ಆಯಿತು, ಮತ್ತೆ ಮಾಡಲೇ, ಬೇಡ, ಮಾಡಲೇ — ದಿನಾ ಕಣ್ಣೆದುರು ಬರುವುದು ಈಗಲೂ ಬಂತು, ವರದಿಯಲ್ಲಿ ನಾನು ಬರೆಯದೇ ಬಿಟ್ಟದ್ದು, ಒಂಬತ್ತು ಜನರೂ ಮಗುಚಿದ ದೋಣಿ ಹಿಡಿದಾಗಿತ್ತು, ಅವನಿಗೆ ಗೊತ್ತಿರಲಿಲ್ಲ, ದೂರ ತೇಲುತ್ತಿದ್ದ ಕಿತ್ತಳೆ ಬಣ್ಣದ ಕಡೆಗೆ ಕಿರುಚುತ್ತಾ ಈಜಿ ಹೋದ, ಎರಡೂ ಕೈಯಲ್ಲಿ ತಬ್ಬಿಕೊಂಡ, ಜಾಕೆಟ್, ಒಳಗೆ ಯಾರೂ ಇಲ್ಲ, ಆದರೂ ಬಿಡಲಿಲ್ಲ, ಎದೆಗವಚಿಕೊಂಡೇ ಇದ್ದ, ಖಾಲಿ ಜಾಕೆಟ್, ತಮ್ಮ, ಖಾಲಿ ಜಾಕೆಟ್