ಗಾಯರಾಣದ ಹುಲ್ಲು

ಆ ಸಪ್ಪಳವೊಂದು ಇಲ್ಲ — ಕಾಲುವೆಯ ನೀರು ಗುಳುಗುಳು ಅನ್ನುತ್ತದೆ, ಹಿಂದಿನಿಂದ ಕುದುರೆ ಬಿಜಲಿಯ ಗೊರಸು ಏರಿಯ ಮರಂ ಗರಸಿನ ಮೇಲೆ ಟಕ್ಕು ಟಕ್ಕು ಬೀಳುತ್ತದೆ, ದೂರದಲ್ಲಿ ಯಾರದೋ ಟ್ರ್ಯಾಕ್ಟರು, ಎಲ್ಲ ಕೇಳುತ್ತದೆ, ಮೇವು ಹರಿಯುವ ಆ ಕರ್ರ್ ಕರ್ರ್ ಮಾತ್ರ ಇಲ್ಲ, ದಿನಾ ಯಂಕಮ್ಮನನ್ನು ಎಬ್ಬಿಸುವುದು ಅದೇ, ಕೋಳಿಯಲ್ಲ, ಗುಡಿಯ ಮೈಕಲ್ಲ, ಗುಡಿಸಲ ಹಿಂದೆ ಬೇವಿನ ಬುಡಕ್ಕೆ ಕಟ್ಟಿದ ಕುದುರೆ ಬಾಯಿ ಆಡಿಸಿತೆಂದರೆ ಬೆಳಗಾಯಿತು ಅಂತ, ಇವತ್ತು ಬೆಳಗಾದದ್ದೇ ಗೊತ್ತಾಗಲಿಲ್ಲ, ಎದ್ದು ನೋಡಿದರೆ ಬಿಜಲಿ ನೆಲಕ್ಕೆ ಬಿದ್ದು ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಮುಂದೆ ಹಾಕಿದ ಜೋಳದ ದಂಟಿನ ಕಣಿಕೆಗೆ ಬಾಯಿ ಹಚ್ಚಿರಲಿಲ್ಲ, ಹೊಟ್ಟೆಗೆ ಕಿವಿ ಇಟ್ಟರೆ ಒಳಗೆ ಏನೂ ಇಲ್ಲ, ದಿನಾ ಅಲ್ಲೊಂದು ಕಾಲುವೆ ಹರಿದಂತೆ ಕೇಳುತ್ತಿತ್ತು, ಇವತ್ತು ಬಂದ್ ಆದ ಗೇಟು. ಗಂಡ ದೇವಿಂದ್ರ ಸೈಕಲ್ ಹತ್ತಿ ದನದ ಡಾಕ್ಟರನ್ನು ಕರೆತರಲು ಶಹಾಪುರಕ್ಕೆ ಹೋಗಿದ್ದಾನೆ, ಹೋಗುವಾಗ ಅಂದ, ಅದನ್ನ ಮಲಗಸಬ್ಯಾಡ, ಉಳ್ಳ್ಯಾಡಾಕ ಬಿಡಬ್ಯಾಡ, ನಡಸು, ಲದ್ದಿ ಹಾಕೋ ಮಟ ನಡಸು — ನಡೆಸುತ್ತಿದ್ದಾಳೆ, ಹಗ್ಗ ಕೈಯಲ್ಲಿದೆ, ಹೊರಳಿ ನೋಡುವುದಿಲ್ಲ, ನೋಡಿದರೆ ನಗಾರಿಯಂತೆ ಬಿಗಿದ ಆ ಹೊಟ್ಟೆ ಕಾಣುತ್ತದೆ, ಬಾ ನನ್ನವ್ವಾ, ಇನ್ನೊಂದೀಟು, ಬಾ.

ನಿನ್ನೆ ಇದೇ ಹೊಟ್ಟೆಯ ಮೇಲೆ ಜರಿಯ ಝೂಲು ಹೊದಿಸಿತ್ತು, ಹಣೆಯ ಮೇಲೆ ಕನ್ನಡಿ ಚೂರಿನ ಪಟ್ಟಿ, ಬೆನ್ನ ಮೇಲೆ ಲಾಲಮ್ಮ — ಯಂಕಮ್ಮನ ಓಣಿಯ ಹುಡುಗಿ, ಗದ್ದೆಯ ಕೆಸರಿನಲ್ಲಿ ನಾಟಿ ಹಚ್ಚಿ ಹಚ್ಚಿ ಕಾಲ ಬೆರಳ ಸಂದು ಹುಣ್ಣಾದ ಹುಡುಗಿ, ಮದುವೆಯ ಮಾತಿನಲ್ಲಿ ಕೇಳಿದ್ದು ಒಂದೇ, ಮದುಮಗ ಒಬ್ಬವನೇ ಯಾಕ ಏರಬೇಕು, ನಾನೂ ಕುದುರಿ ಏರತೀನಿ, ದೊಡ್ಡೋಣಿಯಾಗ ಹಾಯ್ದೇ ಬರ್ತೀನಿ, ಅಂದಳು, ಏರಿದಳು, ಬಂದಳು. ಮುಂದೆ ಹಲಗಿ, ನೀಲಿ ಬಾವುಟ, ತಲೆಯ ಮೇಲೆ ಎತ್ತಿ ಹಿಡಿದ ಬಾಬಾಸಾಹೇಬರ ಫೋಟೋ, ದೊಡ್ಡೋಣಿಯ ಕಟ್ಟೆಯ ಮೇಲೆ ಕೂತವರು ಕೂತಲ್ಲೇ ಕಲ್ಲು, ಯಾರೂ ಏಳಲಿಲ್ಲ, ಯಾರೂ ತಡೆಯಲೂ ಇಲ್ಲ, ಬಿಜಲಿ ಆ ಓಣಿಯಲ್ಲಿ ಎಷ್ಟು ಸಲ ಅವರ ಮದುಮಕ್ಕಳನ್ನು ಹೊತ್ತಿಲ್ಲ, ಆಗೆಲ್ಲ ತಲೆ ತಗ್ಗಿಸಿ ನಡೆದದ್ದು ನಿನ್ನೆ ಕತ್ತು ಬಿಲ್ಲಿನಂತೆ ಬಾಗಿಸಿ ನಡೆಯಿತು — ಅಥವಾ ಯಂಕಮ್ಮನ ಕಣ್ಣಿಗೇ ಹಾಗೆ ಕಂಡಿತೋ, ಕಂಡರೆ ಕಾಣಲಿ, ಇಷ್ಟು ವರ್ಷ ಅದರ ಹಗ್ಗ ಹಿಡಿದವಳಿಗೆ ಒಂದು ದಿನ ಹಾಗೆ ಕಾಣುವ ಹಕ್ಕಿಲ್ಲವೇನು.

ಆಮೇಲೆ ತಮ್ಮ ಓಣಿ. ಅಲ್ಲೇ ತಪ್ಪಿದ್ದು. ಮೆರವಣಿಗೆಯ ಕುದುರೆ ಬಾಗಿಲಿಗೆ ಬಂದರೆ ಆ ಮನೆಯ ಹೆಂಗಸು ನೆನೆಸಿದ ಕಡ್ಲಿ ಕೊಡಬೇಕು, ಕುದುರೆಯವರು ಬೇಡ ಅನ್ನುವಂತಿಲ್ಲ, ಬೇಡ ಅಂದರೆ ಆ ಮನೆಗೇ ಬೇಡ ಅಂದಂತೆ, ಹಿಂದಿನಿಂದ ಬಂದ ಪದ್ಧತಿ. ದೊಡ್ಡೋಣಿಯವರೂ ಕೊಡುತ್ತಿದ್ದರು, ಆದರೆ ಹೇಗೆ, ಹಗ್ಗ ಹಿಡಿದವರು ಇಂಥವರು ಅಂತ ಕುದುರೆಯ ಸನಿಯಕ್ಕೇ ಬರದೆ, ದೂರ ನಿಂತು, ಯಂಕಮ್ಮನ ಅತ್ತೆ ಹನುಮಮ್ಮ ಒಡ್ಡಿದ ಜೋಳಿಗೆಗೆ ಮೇಲಿನಿಂದ ಸುರಿಯುತ್ತಿದ್ದರು, ಹಿಡೀ ಅತ್ತಾಗ, ಅನ್ನುತ್ತಿದ್ದರು, ಅತ್ತೆ ಆ ಜೋಳಿಗೆಯ ಬಾಯಿ ಬಿಗಿದು ಮನೆಗೆ ತಂದು ಬಿಸಿಲಿಗೆ ಒಣಗಿಸಿ ದಿನಕ್ಕಿಷ್ಟಿಷ್ಟೇ ಕಣಿಕೆಯ ನುಚ್ಚಿನಲ್ಲಿ ಕಲಸಿ ತಿನ್ನಿಸುತ್ತಿದ್ದಳು, ವಾರಗಟ್ಟಲೆ ಬರುತ್ತಿತ್ತು. ನಿನ್ನೆ ತಮ್ಮ ಓಣಿಯಲ್ಲಿ ಜೋಳಿಗೆಗೆ ಯಾರು ಹಾಕುತ್ತಾರೆ, ಕೈಯಿಂದಲೇ, ಬಾಯಿಗೇ, ಗಲ್ಲ ಸವರಿ, ಮುತ್ತಿಟ್ಟು, ತಿನ್ನವ್ವಾ ಬಿಜಲಿ ನಮ್ಮ ಕೂಸಿನ್ನ ಹೊತ್ತು ಬಂದಿ, ಅಂತ ರೇಣಮ್ಮ ಹಿಡಿ ಬಿಟ್ಟು ಮೊರವನ್ನೇ ತಂದಳು, ಬಾಜೂ ಮನೆಯ ಮಲ್ಲಿಕಮ್ಮ ನೋಡಿ ತಾನೂ ಮೊರ ತಂದಳು, ನಿಮ್ಮದಷ್ಟೇ ಏನು ಕಡ್ಲಿ, ನಮ್ಮದು ಕಲ್ಲೇನು, ನಗು, ಹಲಗಿ, ಯಂಕಮ್ಮನೂ ನಗುತ್ತಿದ್ದಳು, ಸಾಕು ಅನ್ನಲು ಬಾಯಿ ತೆರೆದಾಗ ಯಾರೋ ಅದೇ ಬಾಯಿಗೆ ಸಕ್ಕರೆ ಹಾಕಿದರು. ಮುಟ್ಟದವರ ಕಾಳು ಜೋಳಿಗೆಗೆ ಬಿದ್ದು ಕುದುರೆ ಉಳಿಯುತ್ತಿತ್ತು, ಮುಟ್ಟಿದವರ ಕಾಳು ಹೊಟ್ಟೆಗೇ ಬಿದ್ದು — ಇಲ್ಲ, ಆ ಮಾತನ್ನು ಪೂರ್ತಿ ಮಾಡಬಾರದು, ಪೂರ್ತಿ ಮಾಡಲು ಕಟ್ಟೆಯ ಮೇಲಿನವರು ಕಾಯುತ್ತಿದ್ದಾರೆ, ಬಿಜಲಿ ಸತ್ತರೆ ಅವರು ಕೂತಲ್ಲಿಂದಲೇ ಅನ್ನುತ್ತಾರೆ, ನೋಡ್ರಿ, ಆ ಓಣಿಯ ಹೆಣ್ಣು ಏರಿದ ಕುದುರಿ ಮರುದಿನದ ಹೊತ್ತು ಕಾಣಲಿಲ್ಲ, ದೇವರ ಕಣ್ಣು ಮುಚ್ಚ್ಯಾವೇನು, ಬರುವ ಹುಣ್ಣಿಮೆಗೆ ರೇಣಮ್ಮನ ಮಗಳ ಮದುವೆ, ಆ ಹುಡುಗಿ ಈಗಲೇ ಗೋಡೆ ಏರಿ ಕೂತು ಸವಾರಿ ಕಲಿಯುತ್ತಿದ್ದಾಳೆ, ಬಿಜಲಿ ಸತ್ತರೆ ಅವಳ ತಾಯಿಯೇ ಅವಳನ್ನು ಇಳಿಸುತ್ತಾಳೆ. ಸಾಯಬ್ಯಾಡ. ನಿನ್ನ ಕಾಲು ಹಿಡಿತೀನಿ, ಸಾಯಬ್ಯಾಡ.

ಬಿಜಲಿ ನಿಂತುಬಿಟ್ಟಿತು, ಮೊಣಕಾಲು ಮಡಿಯುತ್ತಿದೆ, ಮಲಗುತ್ತದೆ, ಯಂಕಮ್ಮ ಹಗ್ಗವನ್ನು ಹೆಗಲಿಗೆ ಹಾಕಿ ಜಗ್ಗುತ್ತಾಳೆ, ಏಳು, ಏಳು ಅಂತೀನಿ, ಮಲಕ್ಕೊಳ್ಳಾಕ ನೀ ಏನು ಎಮ್ಮಿಯೇನು, ಅತ್ತೆಯ ಮಾತು ತನ್ನ ಬಾಯಿಂದ ಬರುತ್ತಿದೆ, ಎಮ್ಮಿಗೆ ಒಮ್ಮೆ ಹಾಕಿಬಿಟ್ಟರ ಆತವ್ವ, ಮಲಕ್ಕೊಂಡು ಮೆಲುಕ ಹಾಕತದ, ಕುದುರಿಗೆ ಮೆಲುಕಿಲ್ಲ, ಉಂಡದ್ದು ಮರಳಿ ಬಾಯಿಗೆ ಬರಂಗಿಲ್ಲ, ಸಣ್ಣ ಹೊಟ್ಟಿ ಅದರದು, ಮುಂಜಾನಿಂದ ಹೊತ್ತು ಮುಳುಗೋ ಮಟ ಈಟೀಟೇ ಮೇಯಬೇಕು, ಹುಲ್ಲು ಮೊದಲು, ಕಾಳು ಆಮ್ಯಾಲ, ನಡು ಕಡಿವಂಗ ದುಡಿಸಿದ ದಿನ ಒಂದು ಹಿಡಿ ಕಾಳು ಕೊಡು, ಬಾಕಿ ದಿನ ಹುಲ್ಲೇ ಅದರ ಜೀವ — ಟೆಂಪೋಗಳು ಬಂದು ಟಾಂಗಾ ನಿಂತಾಗ ಬಿಜಲಿಯ ಹಗ್ಗವನ್ನು ತಮ್ಮ ಕೈಗೆ ಕೊಟ್ಟ ಶಹಾಪುರದ ಮನ್ಸೂರಅಲಿ ಚಾಚಾ ಹೇಳಿದ್ದೂ ಅದೇ, ದಾನಾ ಕಮ್ಮಿ ಮಾಡು ಬೇಟಿ, ಘಾಸು ಕಮ್ಮಿ ಮಾಡಬ್ಯಾಡ, ಕಾಳಿಗಿಂತ ಹುಲ್ಲು, ಹೇಳಿ ಕುದುರೆಯ ಹಣೆಗೆ ಹಣೆ ಹಚ್ಚಿ ನಿಂತ, ಬಹಳ ಹೊತ್ತು ನಿಂತ, ಆಮೇಲೆ ಹೊರಳಿ ನೋಡದೆ ಹೋದ. ಅತ್ತೆಯ ತವರು ಸುರಪುರದ ಕಡೆ, ಅವಳ ಅಜ್ಜನ ಅಜ್ಜ ದೊರೆಗಳ ಲಾಯಕ್ಕೆ ಹುಲ್ಲು ಕೊಯ್ದು ಹಾಕುತ್ತಿದ್ದನಂತೆ, ಕುದುರೆ ಏರಿದವರ ಹೆಸರು ಎಲ್ಲರ ಬಾಯಲ್ಲಿದೆ, ಹೊರೆ ಹೊತ್ತವನ ಹೆಸರು ಅವನ ಮರಿಮೊಮ್ಮಗಳಿಗೂ ಗೊತ್ತಿರಲಿಲ್ಲ, ಅಂವ ಹುಲ್ಲು ಹಾಕದಿದ್ರ ಅವರು ಏನು ಏರತಿದ್ರವ್ವ, ಕತ್ತೆಯೇನು, ಅಂತ ಅತ್ತೆ ನಗುತ್ತಿದ್ದಳು, ಹಲ್ಲಿಲ್ಲದ ಬಾಯಿ, ಮೊರದಲ್ಲಿ ಜೋಳ ಹಸನು ಮಾಡುತ್ತ, ಕಣ್ಣು ಎತ್ತಲೋ, ಮಾತು ಎತ್ತಲೋ, ಬೆರಳು ಮಾತ್ರ ಕಾಳಿನ ನಡುವೆ ಓಡಾಡಿ ಹರಳನ್ನು ಹುಡುಕಿ ಆಚೆ ತಳ್ಳುತ್ತಿತ್ತು, ಬಿಜಲಿಯ ಮೇಲ್ದುಟಿಯಂತೆ, ಹೌದು, ಥೇಟ್ ಅದೇ, ಹುಲ್ಲಿಗೆ ತಲೆ ಇಳಿಸಿದ ಬಿಜಲಿಯನ್ನು ಯಂಕಮ್ಮ ಕೂಲಿ ಮರೆತು ನೋಡುತ್ತಾ ಕೂತದ್ದುಂಟು, ಮೊದಲು ಮೂಗು ಉಸಿರು ಬಿಡುತ್ತದೆ, ಧೂಳು ಹಾರುತ್ತದೆ, ಆಮೇಲೆ ಆ ತುಟಿ, ಕಣ್ಣಿಲ್ಲದೆ ಕಾಣುವ ತುಟಿ, ಮುಳ್ಳನ್ನು ಪಕ್ಕಕ್ಕೆ ಸರಿಸಿ, ಕಹಿ ಎಲೆಯನ್ನು ಬಿಟ್ಟು, ತಾನು ಲದ್ದಿ ಹಾಕಿದ ಜಾಗದ ಹುಲ್ಲನ್ನು ಮೂಸಿ ದಾಟಿ, ಬೇಕಾದ ಒಂದು ಎಸಳನ್ನು ಮಡಚಿ ಹಲ್ಲಿಗೆ ಕೊಡುತ್ತದೆ — ಕರ್ರ್ — ಒಂದು ಹೆಜ್ಜೆ — ಕರ್ರ್ — ಮತ್ತೊಂದು ಹೆಜ್ಜೆ, ಅವಸರವಿಲ್ಲ, ಹೊಟ್ಟೆಬಾಕತನವಿಲ್ಲ, ಇಷ್ಟು ಮರ್ಯಾದೆಯಿಂದ ಉಣ್ಣುವ ಮನುಷ್ಯನನ್ನು ಅವಳು ಯಾವ ಮದುವೆಯ ಪಂಕ್ತಿಯಲ್ಲೂ ನೋಡಿಲ್ಲ, ಬರಿಯ ಹುಲ್ಲು ತಿಂದು ಅಂಥ ಕತ್ತು, ಅಂಥ ಓಟ, ನೆಲವೇ ಎದ್ದು ಓಡಿದಂತೆ. ಎದ್ದಿತು. ಎದ್ದಿ ನನ್ನವ್ವಾ. ಬಾ.

ಆದರೆ ಎಲ್ಲಿಗೆ. ಏರಿಯ ಎರಡೂ ಕಡೆ ಹಸಿರು, ಕಾಲುವೆ ಬಂದ ಮೇಲೆ ಕಣ್ಣು ಹಾಯ್ದಷ್ಟೂ ನೆಲ್ಲು, ಇಷ್ಟು ಹಸಿರಿನ ನಡುವೆ ಕುದುರೆಗೆ ಒಂದು ತುತ್ತಿಲ್ಲ, ಬದುವಿನ ಕರಿಕೆಗೆ ಮೊನ್ನೆಯೇ ಕಳೆ ಸಾಯುವ ಎಣ್ಣಿ ಹೊಡೆದಿದ್ದಾರೆ, ವಾಸನೆ ಇನ್ನೂ ಇದೆ, ಯಂಕಮ್ಮ ಹಗ್ಗ ಗಿಡ್ಡ ಹಿಡಿಯುತ್ತಾಳೆ. ನೀರು ಬಂದದ್ದು ಸುಳ್ಳಲ್ಲ, ಕೂಲಿ ಹೆಚ್ಚಿತು, ಗುಳೆ ಹೋಗುವುದು ತಪ್ಪಿತು, ಅದನ್ನು ಇಲ್ಲ ಅನ್ನಲಾರಳು, ಆದರೆ ನೀರು ಯಾರ ಹೊಲಕ್ಕೆ ತಿರುಗಿತೋ ಅವರ ಕೈ ಉದ್ದವಾಯಿತು, ಊರ ದನಕರು ಮೇಯಲೆಂದು ಬಿಟ್ಟಿದ್ದ ಗಾಯರಾಣದ ತನಕ ಉದ್ದವಾಯಿತು, ವನದುರ್ಗದ ಹಾದಿಯ ಆ ಕಲ್ಲುಗುಡ್ಡದ ಇಳಿಜಾರು, ಕರಿ ಎರಿ ಮಣ್ಣಲ್ಲ, ಕೆಂಪು ಮಸಾರಿ, ನೇಗಿಲಿಗೆ ಬೇಡವಾದದ್ದು ಕುದುರೆಗೆ ಬಂಗಾರವಾಗಿತ್ತು, ಗಿಡ್ಡ ಹುಲ್ಲು, ಗಟ್ಟಿ ಹುಲ್ಲು, ಬಿಸಿಲಿಗೆ ಅರ್ಧ ಒಣಗಿ ಸಿಹಿಯಾದ ಹುಲ್ಲು, ಗೌಡರ ಮನೆಯ ಬಸವಂತ್ರಾಯ ಹೋದ ಮಳೆಗಾಲ ಅದಕ್ಕೆ ಜಾಲಿಮುಳ್ಳಿನ ಬೇಲಿ ಹೊಡೆಸಿದ, ಮಡಿ ಕಟ್ಟಿ ಮಟ್ಟ ಮಾಡಿ ನೆಲ್ಲು ಹಚ್ಚತೀನಿ ಅಂದ, ಊರು ಸುಮ್ಮನಿತ್ತು, ಯಂಕಮ್ಮನೂ ಸುಮ್ಮನಿದ್ದಳು, ಅಂದಿನಿಂದ ಬಿಜಲಿ ಬೇವಿನ ಬುಡದಲ್ಲಿ ಕಣಿಕೆ ತಿನ್ನುತ್ತ ನಿಂತದ್ದು, ಹಾಗೆ ನಿಂತೂ ನಿಂತೂ ಹಸಿದದ್ದಕ್ಕೇ ನಿನ್ನೆ ಕಡ್ಲಿಯ ಮೇಲೆ ಹಾಗೆ ಬಿದ್ದದ್ದು — ಅಂದರೆ ಕಡ್ಲಿಯಲ್ಲ ತಪ್ಪಿದ್ದು, ರೇಣಮ್ಮನ ಮೊರವಲ್ಲ, ತಮ್ಮ ಓಣಿಯ ಪ್ರೀತಿಯಲ್ಲ, ಆ ಬೇಲಿ, ಅಯ್ಯೋ, ಇಷ್ಟು ಹೊತ್ತು ನನ್ನ ಓಣಿಯನ್ನೇ ಬೈಯುತ್ತ ಬಂದೆನಲ್ಲ.

ಬೇಲಿ ಬಂತು. ಬೇಲಿಯ ಆಚೆ ಹುಲ್ಲು ಮೊಣಕಾಲುದ್ದ, ಮೇಯುವವರಿಲ್ಲದೆ ಬಾಡಿ ನಿಂತಿದೆ, ಗಾಳಿಗೆ ಸುಯ್ ಅನ್ನುತ್ತದೆ, ಬಿಜಲಿಯ ಕಿವಿ ಮೊದಲ ಸಲ ಮುಂದಕ್ಕೆ ತಿರುಗಿತು. ಹಿಂದೆ ಮೋಟರ್ ಸೈಕಲ್ಲು, ಬಸವಂತ್ರಾಯನೇ, ಕಾಲು ಊರಿ ನಿಂತ, ಏನ ಯಂಕಮ್ಮ, ನಿನ್ನಿ ಭಾರೀ ಮೆರದಿರಿ, ಇವತ್ತ್ಯಾಕ ಕುದುರಿ ಮಾರಿ ಸಣ್ಣಗಾಗ್ಯಾದ. ಹೊಟ್ಟಿ ಹಿಡದದರಿ ಗೌಡ್ರ. ಹಿಡಿದೇನ ಮಾಡತದ, ಏರಬಾರದವರು ಏರಿದ್ರ. ಏರಿದವರಿಂದ ಹಿಡದಿಲ್ರಿ, ಮೇಯೋ ನೆಲಕ್ಕ ಮುಳ್ಳು ಬಡದವರಿಂದ ಹಿಡದದ. ಅವಳು ಅಂದದ್ದೇ ಹೌದೇ ಅದು, ಹೌದು, ಅವಳ ಬಾಯೇ, ಬಸವಂತ್ರಾಯನ ಮುಖ ಕೆಂಪಾಗಿ ಮತ್ತೆ ಹದಕ್ಕೆ ಬಂತು, ದೊಡ್ಡವರ ನಗು ನಕ್ಕ, ಹುಲ್ಲೇ ಬೇಕಂದ್ರ ನನ್ನ ಬಣವಿ ಅದ, ನೆಲ್ಲುಹುಲ್ಲು ಗಾಡಿ ತುಂಬ ಕಳಸ್ತೀನಿ, ಧರ್ಮಕ್ಕ, ಒಯ್ಯಿ, ಬೇಲಿ ಮುಟ್ಟಬ್ಯಾಡ. ಗಾಡಿ ತುಂಬ ಹುಲ್ಲು, ಧರ್ಮಕ್ಕೆ, ಮೇಲಿನಿಂದ ಸುರಿದಂತೆ, ಹಿಡೀ ಅತ್ತಾಗ ಅಂದಂತೆ, ಮತ್ತೆ ಜೋಳಿಗೆ ಒಡ್ಡಬೇಕು, ಅತ್ತೆ ಒಡ್ಡಿದಳು, ಸಾಕು, ಬ್ಯಾಡ್ರಿ, ನಿಮ್ಮ ಹುಲ್ಲು ನಿಮ್ಮ ಬಣವಿಯಾಗ ಇರಲಿ, ಇದು ಊರ ಹುಲ್ಲು, ನಾವೇ ಮೇಯಸ್ತೀವಿ, ಅಂದಳು, ಕೈ ಆಗಲೇ ಮುಳ್ಳಿನಲ್ಲಿತ್ತು, ಒಂದು ಕಂಟಿ ಎಳೆದು ಒಗೆದಳು, ಇನ್ನೊಂದು, ಅಂಗೈಗೆ ಜಾಲಿ ಹೊಕ್ಕು ಮುರಿಯಿತು, ಏ ಏ, ಪೊಲೀಸರಿಗೆ ಹೇಳತೀನಿ ನೋಡು. ಹೇಳ್ರಿ, ಅವರಿಗೂ ಬರ್ರಿ ಅನ್ರಿ, ಗಾಯರಾಣ ಯಾರದಂತ ಅವರ ಮುಂದೇ ಕೇಳಮು.

ಆಗ ಬಿಜಲಿ ಬಾಲ ಎತ್ತಿತು. ಗೌಡನ ಮೋಟರ್ ಸೈಕಲ್ಲಿನ ಮುಂದಿನ ಗಾಲಿಯ ಹತ್ತಿರ, ಮೊದಲು ಗಾಳಿ, ಮದುವೆಯ ಮದ್ದು ಸಿಡಿದಂತೆ, ಬಸವಂತ್ರಾಯ ಬೆಚ್ಚಿ ಕಾಲು ಎತ್ತಿದ, ಆಮೇಲೆ ಲದ್ದಿ, ಉಂಡೆ ಉಂಡೆ, ನಡುವೆ ಅರೆಯದ ಕಡ್ಲಿ, ಲಾಲಮ್ಮನ ಮದುವೆಯ ಕಡ್ಲಿ, ಯಂಕಮ್ಮನಿಗೆ ನಗು ಬಂತೋ ಅಳು ಬಂತೋ, ಕುದುರೆಯ ಹೊಟ್ಟೆಗೆ ಕಿವಿ ಇಟ್ಟಳು, ದೂರದಲ್ಲಿ, ಬಹಳ ಒಳಗೆ, ಗುಳು, ಯಾರೋ ಗೇಟು ಎತ್ತಿದ್ದಾರೆ, ಗುಳುಗುಳು, ಮೋಟರ್ ಸೈಕಲ್ಲು ಗುರ್ರೆಂದು ಊರ ಕಡೆಗೆ ಹೋಯಿತು, ಹೋಗಲಿ, ಹೇಳಲಿ, ಮಂದಿ ಕರೆದು ತರಲಿ, ತಮ್ಮ ಓಣಿಯಲ್ಲೂ ಮಂದಿ ಇದ್ದಾರೆ, ರೇಣಮ್ಮನ ಮಗಳ ಮದುವೆಗೆ ಹೇಳಿಬಿಡುತ್ತಾಳೆ, ಕಡ್ಲಿ ಬ್ಯಾಡ್ರವ್ವ, ಮನಿಗೊಂದು ಹಿಡಿ ಹುಲ್ಲು, ಇದೇ ಗಾಯರಾಣದ್ದು, ಕೊಯ್ಯಲು ಎಲ್ಲರೂ ಬರ್ರಿ, ಎಲ್ಲರೂ, ಹಾಡುತ್ತ ಬರ್ರಿ, ಇಡೀ ಓಣಿ ಈ ಬೇಲಿಯೊಳಗೆ ಕುಡುಗೋಲು ಹಿಡಿದು, ಯಾವ ಬೇಲಿ ಉಳಿದೀತು ಆಮೇಲೆ — ಒಂದು ಹಿಡಿ ಹುಲ್ಲು ಕಿತ್ತು ಒಡ್ಡಿದಳು, ಅಂಗೈಯಲ್ಲಿ ಮುಳ್ಳಿನ ಗಾಯ, ಹುಲ್ಲಿಗೆ ನೆತ್ತರು ಹತ್ತಿದೆ, ಬಿಜಲಿಯ ಮೂಗು ಉಸಿರು ಬಿಟ್ಟಿತು, ಬಿಸಿ, ತುಟಿ ಬಂತು, ಅತ್ತೆಯ ಬೆರಳು ಬಂದಂತೆ ಬಂತು, ಅಂಗೈಯ ಮೇಲೆ ಓಡಾಡಿತು, ನೆತ್ತರು ಹತ್ತಿದ ಎಸಳನ್ನು ಒಂದೊಂದಾಗಿ ಆಚೆ ತಳ್ಳಿತು, ಸರಿಸಿತು, ತಡೆಯಿತು, ಹಸನಾದ ಒಂದೇ ಒಂದು ಎಸಳಿನ ಮೇಲೆ ನಿಂತಿತು, ಮಡಚಿತು, ಆ ತುಟಿ —

ಕರ್ರ್.

ಆ ತುಟಿ.