ಒಂಬತ್ತಡಿ ಜಾಗ

ನಮ್ಮ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ಯಾವತ್ತೂ ನೋಡಿಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದ ಅಪ್ಪ ನಿವೃತ್ತರಾದ ಮೇಲೆ ಅದನ್ನು ತಮ್ಮ ವರ್ಕ್‌ಶಾಪ್ ಮಾಡಿಕೊಂಡರು. ವರ್ಕ್‌ಶಾಪ್ ಎಂಬುದು ಅವರ ಮಾತು. ಅಮ್ಮ ಅದನ್ನು ‘ಹೊಟ್ಟೆ’ ಎನ್ನುತ್ತಾಳೆ. ಎಷ್ಟು ಹಾಕಿದರೂ ತುಂಬುವುದಿಲ್ಲ, ಹಾಕಿದ್ದು ಹೊರಗೆ ಬರುವುದೂ ಇಲ್ಲ.

ಒಳಗೆ ಕೆಟ್ಟ ಟೇಬಲ್ ಫ್ಯಾನುಗಳು ಐದು, ಕಾಲಿಲ್ಲದ ಸ್ಟೂಲು, ಸ್ಟೂಲಿಲ್ಲದ ಕಾಲುಗಳು, ಯಾವ ಬೀಗಕ್ಕೆ ಸೇರಿದ್ದೆಂದು ಗೊತ್ತಿಲ್ಲದ ಕೀಲಿಗಳ ಡಬ್ಬ. ಸ್ಪ್ಯಾನರ್ ಸಿಗದಿದ್ದರೆ ಅಪ್ಪ ಹುಡುಕುವುದಿಲ್ಲ, ಹೊಸದು ತರುತ್ತಾರೆ. ಅದನ್ನು ಹಳೆಯದು ಕಳೆದುಹೋದ ಜಾಗದಲ್ಲೇ ಇಡುತ್ತಾರೆ.

ಅಕ್ಕನದು ಸೈಕಲ್ ರಿಪೇರಿ ಅಂಗಡಿ. ಅಂಗಡಿಯಿದ್ದ ಕಟ್ಟಡವನ್ನು ಕೆಡವುವವರಿದ್ದರು. ಸೋಮವಾರ ಬೆಳಿಗ್ಗೆಯೊಳಗೆ ಖಾಲಿ ಮಾಡಬೇಕಿತ್ತು. ಗಿರಾಕಿಗಳ ಹದಿಮೂರು ಸೈಕಲ್ಲು, ರಿಪೇರಿಗೆ ಸೈಕಲ್ ಏರಿಸುವ ಒಂದು ಸ್ಟ್ಯಾಂಡು, ಸಾಮಾನಿನ ಎರಡು ಪೆಟ್ಟಿಗೆ. ಬೇರೆಲ್ಲೂ ಜಾಗ ಸಿಕ್ಕಿರಲಿಲ್ಲ. ಅಂಗಡಿ ಮುಚ್ಚಿದರೆ ಊರಾಚೆಯ ಗೋದಾಮಿನಲ್ಲಿ ದಿನಕ್ಕೆ ಇನ್ನೂರು ಪೆಟ್ಟಿಗೆಗೆ ಟೇಪು ಸುತ್ತುವ ಕೆಲಸ ಕಾದಿತ್ತು. ಅಪ್ಪ ಒಂದು ತಿಂಗಳ ಹಿಂದೆಯೇ, “ಅರ್ಧ ಗ್ಯಾರೇಜು ನಿಂದೇ ಕಣೆ, ಒಂಬತ್ತಡಿ ಅಳೆದು ಕೊಡ್ತೀನಿ” ಎಂದು ಮಾತು ಕೊಟ್ಟಿದ್ದರು. ಆ ಒಂದು ತಿಂಗಳಲ್ಲಿ ಖಾಲಿಯಾದದ್ದು ಒಂದು ಗ್ರೀಸ್ ಡಬ್ಬ. ಅದೂ ಕಾಲು ತಾಗಿ ಚೆಲ್ಲಿದ್ದರಿಂದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಕ್ಕ ಶಟರ್ ಎತ್ತಿದಳು. ನೆಲದಲ್ಲಿ ಕಂಡಷ್ಟು ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ಒಂದೊಂದೇ ವಸ್ತು ಎತ್ತಿ ಹಿಡಿಯತೊಡಗಿದಳು.

“ಇದೇನಪ್ಪಾ?”

“ಬಾಗಿಲಿನ ಹಿಂಜು.”

“ಯಾವ ಬಾಗಿಲಿಂದು?”

“ಯಾವ್ದಕ್ಕಾದ್ರೂ ಬೇಕಾಗುತ್ತೆ. ಇಡು.”

“ಇದು?”

“ಫ್ಯಾನಿನ ರೆಕ್ಕೆ. ತೆಳು ತಗಡು ಈಗೆಲ್ಲಿ ಸಿಗುತ್ತೆ? ಇಡು.”

ಹತ್ತು ಗಂಟೆಯ ಹೊತ್ತಿಗೆ ಹೊರಗೆ ಬಿದ್ದದ್ದು ಎರಡು: ಒಣಗಿದ ಗೋಂದಿನ ಟ್ಯೂಬು ಮತ್ತು ಒಂದು ಸತ್ತ ಜಿರಲೆ. ಅಕ್ಕ ಕೈಚೆಲ್ಲಿ ಕೂತಳು. ಅವಳು ಅಳುವವಳಲ್ಲ. ಆದರೆ ಸೀಮೆಸುಣ್ಣವನ್ನು ಉಗುರಿನಿಂದ ಕೆರೆದು ಪುಡಿ ಮಾಡುತ್ತಿದ್ದಳು.

ಚಹಾ ತಂದ ಅಮ್ಮ ಹಿಂಜನ್ನು ನೋಡಿದಳು. “ನಮ್ಮ ಬಚ್ಚಲ ಬಾಗಿಲು ಏಳು ವರ್ಷದಿಂದ ಒಂದೇ ಹಿಂಜಲ್ಲಿ ಜೋತಾಡ್ತಿದೆ. ‘ಯಾವ್ದಕ್ಕಾದ್ರೂ’ ಅನ್ನೋದರಲ್ಲಿ ಅದು ಬರಲ್ವಾ?”

ಅಮ್ಮ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಆ ಬಾಗಿಲು ಮುಚ್ಚುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದವರು ಗಟ್ಟಿಯಾಗಿ ಹಾಡಬೇಕೆಂಬ ನಿಯಮವಿತ್ತು. ಹಾಡು ನಿಂತರೆ ಜಾಗ ಖಾಲಿ ಎಂದರ್ಥ. ಬಂದ ನೆಂಟರಿಗೂ ಮೊದಲೇ ಹೇಳಿ ಕಳಿಸುತ್ತಿದ್ದೆವು.

ಅಕ್ಕ ಎದ್ದು ನಿಂತಳು. “ಅಪ್ಪಾ, ಏನು ಬೇಕಾದ್ರೂ ಇಟ್ಕೋ. ನಾನು ಬೇಡ ಅನ್ನಲ್ಲ. ಆದರೆ ಇಟ್ಕೊಂಡಿದ್ದನ್ನ ಇವತ್ತೇ ಎಲ್ಲಾದ್ರೂ ಹಾಕ್ಬೇಕು. ಈಗಲೇ. ಹಾಕಕ್ಕಾಗದೆ ಇದ್ರೆ ಬೀದಿಗೆ.”

“ಅಷ್ಟೇನಾ? ಒಂದು ಶಿಫ್ಟಲ್ಲಿ ನಾಲ್ಕು ಗೇರ್‌ಬಾಕ್ಸ್ ಇಳಿಸ್ತಿದ್ದೋನು ನಾನು” ಎಂದು ಅಪ್ಪ ಅಂಗಿಯ ತೋಳು ಮಡಚಿದರು.

ಮೊದಲು ಬಚ್ಚಲ ಬಾಗಿಲು. ನಾನು ಎತ್ತಿ ಹಿಡಿದೆ, ಅವರು ಸ್ಕ್ರೂ ತಿರುಗಿಸಿದರು. ಅಮ್ಮ ಬಾಗಿಲನ್ನು ಆರು ಸಲ ತೆಗೆದು ಮುಚ್ಚಿ ನೋಡಿ, “ಇನ್ನು ನಿಮ್ಮ ಸಂಗೀತ ಕೇಳೋ ಕರ್ಮ ತಪ್ಪಿತು” ಎಂದಳು. ಆಮೇಲೆ ಅಡುಗೆಮನೆಯ ಡ್ರಾಯರಿಗೆ ಹಿಡಿಕೆ ಬಂತು. ಸ್ಟೂಲಿಗೆ ಮೂರು ಬಣ್ಣದ ಮೂರು ಕಾಲು ಬಂದವು. ಐದು ಫ್ಯಾನು ಸೇರಿ ಎರಡಾದವು. ಒಂದು ತಿರುಗಿತು, ಇನ್ನೊಂದು ತಿರುಗಿದ್ದಲ್ಲದೆ ನಡೆದುಕೊಂಡೂ ಹೋಯಿತು. ಸದ್ದು ಕೇಳಿ ಪಕ್ಕದ ಮನೆಯ ಟೀಚರಮ್ಮ ಕಾಂಪೌಂಡ್ ಮೇಲೆ ಮುಖವಿಟ್ಟರು.

“ಗೇಟಿನ ಚಿಲಕ ಇದ್ಯಾ ನಿಮ್ಮಲ್ಲಿ?”

“ಎಂಟಿದೆ” ಎಂದಳು ಅಕ್ಕ, ಅಪ್ಪ ಬಾಯಿ ತೆಗೆಯುವ ಮುಂಚೆಯೇ. “ಒಂದು ಹಾಕಿಸ್ಕೊಳ್ಳಿ, ಎರಡು ಹಾಗೇ ಇಟ್ಕೊಳ್ಳಿ.”

ಎರಡು ಗಂಟೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಅಲುಗಾಡುತ್ತಿದ್ದದ್ದು ಅಪ್ಪ ಒಬ್ಬರೇ. ಮೊಣಕಾಲು ಹಿಡಿದುಕೊಂಡು ತಲೆಕೆಳಗಾದ ಬಕೆಟ್ ಮೇಲೆ ಕೂತರು. ಅಕ್ಕ ಒಂದು ಉದ್ದನೆಯ ಪೈಪು ಎತ್ತಿದಳು.

“ಇದು?”

“ಮಹಡಿ ಮೆಟ್ಟಿಲಿಗೆ ಹಿಡ್ಕೊಳ್ಳೋ ಕಂಬಿ ಮಾಡಬಹುದು. ಗಟ್ಟಿ ಮಾಲು.”

“ಸರಿ. ಗೋಡೆಗೆ ಎಂಟು ತೂತು ಕೊರೀಬೇಕು. ಏಳು.”

ಅಪ್ಪ ಪೈಪನ್ನು ನೋಡಿದರು. ಮೆಟ್ಟಿಲನ್ನು ನೋಡಿದರು. ತಮ್ಮ ಮೊಣಕಾಲನ್ನು ಹೆಚ್ಚು ಹೊತ್ತು ನೋಡಿದರು.

“ಬಿಸಾಕು.”

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. “ಯಾರು ಅಂದಿದ್ದು ಅದನ್ನ?”

ಆಮೇಲೆ ತಡೆಯುವವರಿರಲಿಲ್ಲ. ಬಿಸಾಕು, ಬಿಸಾಕು, ಅದನ್ನೂ ಬಿಸಾಕು. ವರ್ಷಗಟ್ಟಲೆ ಜೋಪಾನ ಮಾಡಿದ್ದನ್ನು ಅಪ್ಪ ಮುಕ್ಕಾಲು ಗಂಟೆಯಲ್ಲಿ ಬೀದಿಗೆ ಸಾಗಿಸಿದರು. ಕೀಲಿಗಳ ಡಬ್ಬವನ್ನು ತಾವೇ ತಬ್ಬಿಕೊಂಡು ಹೋಗಿ ಸುರಿದರು. ಕೊನೆಗೆ ಅಕ್ಕ ಬೆಳಿಗ್ಗೆ ತಂದಿಟ್ಟಿದ್ದ ಗಾಳಿ ಪಂಪನ್ನೂ ಎತ್ತಿಕೊಂಡು ಹೊರಟಾಗ ಅವಳು ಅಡ್ಡ ಬಂದಳು. “ಅದು ನಂದು!”

“ಎಲ್ಲಿ ಹಾಕ್ತೀಯ, ಈಗಲೇ ಹೇಳು” ಎಂದರು ಅಪ್ಪ. ನನಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿತು.

ಗುಜರಿಯವನು ಗಾಡಿ ತಳ್ಳಿಕೊಂಡು ಬಂದ. ರಾಶಿ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತ. ಹೋದ ಸಲ ಅಮ್ಮ ಅವನಿಗೆ ನಾಲ್ಕು ಚೀಲ ಹಾಕಿದ್ದಳು. ಅಪ್ಪ ಅದೇ ಸಂಜೆ ಹೋಗಿ ಐದು ಚೀಲ ವಾಪಸ್ ಹೊರಿಸಿಕೊಂಡು ಬಂದಿದ್ದರು.

“ಯಜಮಾನ್ರೇ, ನಾಳೆ ವಾಪಸ್ ತರಿಸ್ಕೊಳ್ಳೋದಾದ್ರೆ ಇಲ್ಲೇ ಬಿಟ್ಟು ಹೋಗ್ತೀನಿ. ಈ ಗಾಡಿಗೆ ಬ್ರೇಕಿಲ್ಲ, ನಂಗೆ ಬೆನ್ನಿಲ್ಲ.”

“ತಗೊಂಡ್ಹೋಗಯ್ಯಾ. ಮತ್ತೆ ತಂದ್ರೆ ಈ ಹುಡುಗಿ ನನ್ನ ಕೈಲೇ ಎಲ್ಲಾದ್ರೂ ಜೋಡಿಸ್ತಾಳೆ.”

ನಾಲ್ಕಕ್ಕೆ ನೆಲ ಗುಡಿಸಿ ಅಕ್ಕ ಟೇಪು ಹಿಡಿದಳು. ಎಂಟಡಿ ನಾಲ್ಕಿಂಚು. ಅಪ್ಪನ ಕೆಲಸದ ಬೆಂಚಿನ ತುದಿ ಸೀಮೆಸುಣ್ಣದ ಗೆರೆ ದಾಟಿ ಚಾಚಿಕೊಂಡಿತ್ತು. ಆಚೆ ತಳ್ಳೋಣವೆಂದರೆ ಹಿಂದೆ ಗೋಡೆ.

“ಸಾಕು ಬಿಡಪ್ಪ” ಎಂದಳು ಅಕ್ಕ. “ಸ್ಟ್ಯಾಂಡನ್ನ ಓರೆಯಾಗಿ ಇಟ್ಕೋತೀನಿ. ಸುತ್ತ ಓಡಾಡಕ್ಕೆ ಸ್ವಲ್ಪ ಕಷ್ಟ, ಅಷ್ಟೇ.”

“ಸಾಕು ಅಂದ್ರೇನು? ಒಂಬತ್ತು ಅಂತ ಹೇಳಿದ್ದೆ.”

ಆ ಬೆಂಚು ಅವರು ಡಿಪೋದ ಹಳೆ ಬಸ್ಸಿನ ಹಲಗೆಯಿಂದ ಸ್ವಂತ ಕೈಯಲ್ಲಿ ಮಾಡಿದ್ದು. ಅಪ್ಪ ಪೆನ್ಸಿಲಿನಿಂದ ಗುರುತು ಹಾಕಿದರು, ಮತ್ತೊಮ್ಮೆ ಅಳೆದರು. ಗರಗಸ ತಂದು ಎಂಟು ಇಂಚು ಕೊಯ್ದರು. ಮಧ್ಯೆ ಎರಡು ಸಲ ಉಸಿರು ತೆಗೆದುಕೊಂಡರು. ನಾನು ಕೊಯ್ಯುತ್ತೇನೆಂದರೆ, “ನೀನು ಸೊಟ್ಟಗೆ ಕೊಯ್ತೀಯ” ಎಂದರು. ತುಂಡು ಕೆಳಗೆ ಬಿತ್ತು. ಅಪ್ಪ ಅದನ್ನು ಎತ್ತಿ, ತಿರುಗಿಸಿ ನೋಡಿ, ಬೀದಿಯಲ್ಲಿ ಇನ್ನೂ ತುಂಬುತ್ತಿದ್ದ ಗುಜರಿ ಗಾಡಿಯ ಮೇಲೆ ತಾವೇ ಎಸೆದು ಬಂದರು.

“ಈಗ ಅಳೆ.”

ಅಕ್ಕ ಅಳೆದಳು. ಬಗ್ಗಿಯೇ ಇದ್ದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. “ಒಂಬತ್ತು.”

ಹದಿಮೂರು ಸೈಕಲ್ಲು, ನಾವು ನಾಲ್ಕು ಜನ. ಅಕ್ಕನ ಹಳೆ ಅಂಗಡಿಯಿಂದ ಒಬ್ಬೊಬ್ಬರು ಒಂದೊಂದು ತಳ್ಳಿಕೊಂಡು ಬೀದಿಯುದ್ದ ಸಾಲಾಗಿ ಬಂದೆವು. ಮೂರನೇ ಸುತ್ತಿನಲ್ಲಿ ಅಮ್ಮ, “ಯಾಕೆ ತಳ್ಳಬೇಕು?” ಎಂದು ಏರಿಯೇಬಿಟ್ಟಳು. ಅವಳಿಗೆ ಸೈಕಲ್ ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಬೆಲ್ ಹೊಡೆಯುತ್ತಾ ನಮ್ಮನ್ನೆಲ್ಲ ಹಿಂದೆ ಹಾಕಿ ಹೋದಳು. ಬ್ರೇಕು ಎಲ್ಲಿದೆಯೆಂದು ಕೇಳಿದ್ದು ತಿರುವಿನಲ್ಲಿ.

ಕೊನೆಯ ಸೈಕಲ್ ಒಳಗೆ ನಿಂತಾಗ ಟೀಚರಮ್ಮ ಮತ್ತೆ ಕಾಂಪೌಂಡಿಗೆ ಬಂದರು. “ಮೊಮ್ಮಗಳ ಸೈಕಲ್ ಪಂಕ್ಚರಾಗಿದೆ. ನಾಳೆ ಎಷ್ಟೊತ್ತಿಗೆ ತೆಗೀತೀರಿ?”

“ಎಂಟಕ್ಕೆ” ಎಂದರು ಅಪ್ಪ.

“ಒಂಬತ್ತಕ್ಕೆ” ಎಂದಳು ಅಕ್ಕ. “ಅಂಗಡಿ ನಂದು.”

“ಹಾಗಾದ್ರೆ ಎಂಟಕ್ಕೇ ಬಂದು ನನ್ನ ಅರ್ಧದಲ್ಲಿ ಕೂತಿರ್ತೀನಿ” ಎಂದರು ಅಪ್ಪ.