ಹೊಸ ಮನೆ, ಹಳೇ ಪಾಸು

"ಮನೆ ಎಲ್ಲಿ ಸಾ?" ಎಂದು ಸ್ಟೇಷನ್ ಕೌಂಟರಿನ ಹುಡುಗಿ ಕೇಳಿದಳು.

"ಹಾಸನ."

"ಕೆಲ್ಸ?"

"ಅದೂ ಹಾಸನ್ದಲ್ಲೇ."

"ಮತ್ತೆ ಹೊಳೆನರಸೀಪುರಕ್ಕೆ ತಿಂಗಳ ಪಾಸು ಯಾತಕ್ಕೆ?"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಓಡಾಡೋನು ನಾನು. ಕೊಡಮ್ಮ ಸುಮ್ಕೆ" ಎಂದೆ. ಅವಳು ನಗುತ್ತಲೇ ಪಾಸು ಕೊಟ್ಟಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಜ ಹೇಳಿದ್ದರೆ ಅವಳು ನಗುತ್ತಿರಲಿಲ್ಲ, ಹೆದರುತ್ತಿದ್ದಳು. ನನಗೆ ಆ ಪಾಸು ಬೇಕಾಗಿದ್ದುದು ಹೆಂಡತಿಯನ್ನು ನೋಡುವುದಕ್ಕೆ. ಶಿವಗಂಗ ತೀರಿಕೊಂಡು ಎರಡು ವರ್ಷವಾಗಿದೆ.

ಇಬ್ಬರೂ ಹೊಳೆನರಸೀಪುರದಿಂದ ಒಂದೇ ರೈಲಿನಲ್ಲಿ ಹಾಸನಕ್ಕೆ ಓಡಾಡಿದವರು. ನಾನು ಪಂಪ್‌ಸೆಟ್ ಅಂಗಡಿಗೆ, ಅವಳು ಸಹಕಾರ ಸಂಘಕ್ಕೆ. ರೈಲು ಹೊರಟರೆ ಸಾಕು, ನನಗೆ ನಿದ್ದೆ. ನಮ್ಮ ಪಾಸಿನವರಲ್ಲಿ ಒಂದು ಕಟ್ಟಳೆ ಇದೆ: ಮಲಗಿದವನನ್ನು ಮಾತಾಡಿಸಬಾರದು, ಅವನು ಇಳಿಯುವ ಊರು ಬಂದಾಗ ಪಕ್ಕದವರು ತಪ್ಪದೆ ಎಬ್ಬಿಸಬೇಕು. ನನ್ನನ್ನು ಶಿವಗಂಗ ಎಬ್ಬಿಸುತ್ತಿದ್ದಳು. ಅವಳು ಹೋದ ಮೇಲೆ ಎದುರು ಸೀಟಿನ ನಂಜಪ್ಪ ಆ ಕೆಲಸ ವಹಿಸಿಕೊಂಡ. ಅವಳ ಜಾಗದಲ್ಲಿ ಮಾತ್ರ, ಬೋಗಿ ತುಂಬಿ ಬಾಗಿಲಲ್ಲಿ ಜೋತುಬಿದ್ದರೂ, ನಮ್ಮವರು ಯಾರೂ ಕೂರಲಿಲ್ಲ. ಹಾಗೆಂದು ಯಾರೂ ಮಾತಾಡಿಕೊಂಡದ್ದೂ ಇಲ್ಲ.

ನಿದ್ದೆ ಹತ್ತಿದ ಕೂಡಲೇ ಆ ಜಾಗಕ್ಕೆ ಅವಳು ಬರುತ್ತಿದ್ದಳು. ಪವಾಡವೇನಲ್ಲ. "ಗ್ಯಾಸ್ ಆಫ್ ಮಾಡಿದ್ರಾ?" ಎನ್ನುತ್ತಿದ್ದಳು. ಕಿಟಕಿಯಾಚೆ ಮಂಜು, ಮಂಜಿನೊಳಗೆ ತೆಂಗಿನ ಸಾಲು ನಿಧಾನವಾಗಿ ಹಿಂದಕ್ಕೆ ನಡೆದು ಹೋಗುತ್ತಿತ್ತು. ನಾನು ಉತ್ತರ ಹೇಳುವಷ್ಟರಲ್ಲಿ ಹಾಸನ ಬಂದುಬಿಡುತ್ತಿತ್ತು. ಅಷ್ಟು ಸಿಕ್ಕರೆ ಆ ದಿನಕ್ಕೆ ನನಗೆ ಸಾಕಾಗುತ್ತಿತ್ತು.

ಮಗಳು ಯಶಸ್ವಿನಿಗೆ ಹಾಸನದ ಬ್ಯಾಂಕಿನಲ್ಲಿ ಕೆಲಸವಾಯಿತು. ಹಳೇ ಮನೆಯ ಮೂಲೆಮೂಲೆಯೂ ಅವಳನ್ನು ಚುಚ್ಚುತ್ತಿತ್ತು. ಅಮ್ಮ ಹೋದಾಗಲೂ ಅತ್ತವಳಲ್ಲ. ಹಾಸನದಲ್ಲೇ ಮನೆ ಹಿಡಿದು, ಪಾತ್ರೆಪಗಡದ ಜೊತೆ ನನ್ನನ್ನೂ ಗಾಡಿಗೆ ಹಾಕಿಕೊಂಡು ಬಂದಳು. ಹೊಸ ಮನೆಯಲ್ಲಿ ಗಾಳಿ, ಬೆಳಕು, ಮೆತ್ತನೆ ಹಾಸಿಗೆ. ಕುಂಭಕರ್ಣನ ನಿದ್ದೆ ನನಗೆ. ಶಿವಗಂಗ ಮಾತ್ರ ಒಂದು ದಿನವೂ ಬರಲಿಲ್ಲ. ಅವಳು ಆ ರೈಲಿನಲ್ಲೇ ಒಬ್ಬಳೇ ಕೂತಿದ್ದರೆ ಎಂದು ಜೀವ ತಳಮಳಿಸತೊಡಗಿತು. ಅದಕ್ಕೇ ಈ ಪಾಸು. ಸಂಜೆ ಹಳಬರ ಜೊತೆ ಹೊಳೆನರಸೀಪುರಕ್ಕೆ ಹೋಗುವುದು, ಮುಂದಿನ ರೈಲಿಗೆ ವಾಪಸು ಬರುವುದು.

ಪಾಸು ಜೇಬಿಗಿಟ್ಟು ತಿರುಗಿದರೆ ಯಶಸ್ವಿನಿ ನಿಂತಿದ್ದಳು. ಪಾಸಿನ ವಿಷಯ ನಮ್ಮ ಅಂಗಡಿಯವರು ಅವಳ ಹತ್ತಿರ ಬಾಯಿಬಿಟ್ಟಿದ್ದರು.

"ಆ ಮನೆ ಬಿಟ್ಟಾಯ್ತಲ್ಲಪ್ಪ. ಮತ್ತೆ ಅಲ್ಲಿಗ್ಯಾಕೆ ಓಯ್ತೀಯ?"

"ಮನೆಗಲ್ಲ ಕಣೆ, ರೈಲಿಗೆ."

"ಹಂಗಾದ್ರೆ ನಾನೂ ಬತ್ತೀನಿ. ಅದೇನೈತೋ ನೋಡೇಬಿಡ್ತೀನಿ." ಸಿಟ್ಟು ನನ್ನದೇ ಬಳುವಳಿ. ಹೋಗಿಬರುವ ಟಿಕೆಟ್ ತಂದಳು.

ಬೋಗಿಯಲ್ಲಿ ನಂಜಪ್ಪ "ಬನ್ನಿ ಕಾಂತರಾಜಣ್ಣ" ಎಂದು ಅಗಲವಾಗಿ ನಕ್ಕ. ಯಶಸ್ವಿನಿ ಸೀದಾ ಬಂದು ಅವಳಮ್ಮನ ಜಾಗದಲ್ಲಿ ಕೂತುಬಿಟ್ಟಳು. ಇಸ್ಪೀಟು ಆಡುತ್ತಿದ್ದವರ ಕೈ ಹಾಗೇ ನಿಂತಿತು. ನಾನು ಅವಳ ಪಕ್ಕ ಕೂತೆ.

ಕಣ್ಣು ಬಿಗಿಯಾಗಿ ಮುಚ್ಚಿದೆ. ನಿದ್ದೆ ಹತ್ತಿರ ಸುಳಿಯಲಿಲ್ಲ. ಬಂದರೂ ಶಿವಗಂಗ ಕೂರುವುದೆಲ್ಲಿ ಎಂದು ಮಗಳ ಮೇಲೆ ಒಳಗೇ ಉರಿದೆ. ಮಾವಿನಕೆರೆ ಬರುವ ಮೊದಲೇ ಯಶಸ್ವಿನಿಯ ತಲೆ ನನ್ನ ಹೆಗಲಿಗೆ ಬಂತು. ರೈಲು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಇಳಿಬಿಸಿಲು ಅವಳ ಕೆನ್ನೆಯ ಮೇಲೆ ಹರಿದು ಹೋಗುತ್ತಿತ್ತು. ತುಟಿ ಅಲ್ಲಾಡಿತು. ಯಾರಿಗೋ ಏನೋ ಹೇಳುತ್ತಿದ್ದಳು. ನಾನು ಹೆಗಲು ಕದಲಿಸಲಿಲ್ಲ.

ಹೊಳೆನರಸೀಪುರ ಬಂದಾಗ ನಂಜಪ್ಪ ಕಟ್ಟಳೆಯಂತೆ "ಊರು ಬಂತು ಕಣವ್ವ" ಎಂದು ಎಬ್ಬಿಸಿದ. ಯಶಸ್ವಿನಿ ಕಣ್ಣು ಬಿಟ್ಟಳು. ಪ್ಲಾಟ್‌ಫಾರಂಗೆ ಇಳಿದ ಮೇಲೆ ನೋಡಿದೆ, ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಅಪ್ಪ, ಅಮ್ಮ ಬಂದಿದ್ಲು."

ಮೊದಲು ನನಗಾದದ್ದು ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಇಷ್ಟು ದಿನ ಕಾದವನು ನಾನು.

"ಏನಂದ್ಲು?"

"ಬೈದ್ಲು. ಮನೆ ಬದ್ಲಾಯ್ಸಿದ್ದು ನಂಗ್ಯಾಕೆ ಹೇಳ್ಲಿಲ್ಲ, ಎಲ್ಲೀಂತ ಹುಡುಕ್ಲಿ ನಿಮ್ಮನ್ನ ಅಂದ್ಲು."

"ನೀನೇನಂದೆ?"

"ದಾರಿ ಹೇಳ್ದೆ. ನೀರಿನ ಟ್ಯಾಂಕ್ ಪಕ್ಕದ ಬೀದಿ, ಹಸಿರು ಗೇಟು ಅಂತ."

"ಲೇ, ಅಲ್ಲಿ ಎರಡು ಟ್ಯಾಂಕ್ ಅವೆ ಕಣೆ! ಹಳೇದೋ ಹೊಸದೋ ಅಂದ್ಯಾ?"

ಅವಳು ನನ್ನ ಮುಖವನ್ನೇ ನೋಡಿದಳು. ಇಲ್ಲವೆಂದು ತಲೆಯಾಡಿಸಿದಳು.

ಹಾಸನದ ಕಡೆಗೆ ಹೋಗುವ ರೈಲು ಬಂತು. ಮಗಳ ಕೈ ಹಿಡಿದು ಹತ್ತಿಸಿದೆ. ಕಿಟಕಿ ಪಕ್ಕ ಕೂರಿಸಿ, ಅವಳ ತಲೆಯನ್ನು ನಾನೇ ಹೆಗಲಿಗೆ ಎಳೆದುಕೊಂಡೆ.

"ಮಲಕ್ಕೋ ಮಗ" ಎಂದೆ. "ಸರಿಯಾಗಿ ಹೇಳ್ಬುಟ್ಟು ಬಾ."